ಗುರುಗುಂಟಾ: ಸಂಸ್ಥಾನ ಹೋಬಳಿಯಾದ ಕಥೆ

ಸುರಪುರ ಕಡೆಯಿಂದ ಲಿಂಗಸುಗೂರಿಗೆ ಹೊರಟ ಬಸ್ಸು ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ದಾಟುತ್ತದೆ. ಆಚೆ ಯಾದಗಿರಿ ಜಿಲ್ಲೆ, ಈಚೆ ರಾಯಚೂರು. ಈಚೆ ಬಂದು ಮುಂದೆ ಸಾಗಿದರೆ ಗುರುಗುಂಟಾ ಸೀಮೆ. ಕಂದಾಯ ಕಡತದಲ್ಲಿ ಅದು ಲಿಂಗಸುಗೂರು ತಾಲ್ಲೂಕಿನ ಒಂದು ಹೋಬಳಿ, ಮಾತಿನಲ್ಲಿ ಮಾತ್ರ ಇಂದಿಗೂ ‘ಸಂಸ್ಥಾನ’.

ಆ ಮಾತು ಬರೀ ಬಡಾಯಿಯಲ್ಲ. ನಿಜಾಮರ ರಾಜ್ಯದಲ್ಲಿ ಗದ್ವಾಲ, ವನಪರ್ತಿಯಂಥ ಸಂಸ್ಥಾನಗಳಿದ್ದವು. ಆ ಸಾಲಿನಲ್ಲಿ ಆನೆಗೊಂದಿಯ ಜತೆ ಗುರುಗುಂಟಾವೂ ಇತ್ತು. ಇಲ್ಲಿನ ನಾಯಕ ಮನೆತನ ಹೈದರಾಬಾದಿಗೆ ಕಪ್ಪ ಕಟ್ಟಿ ತನ್ನ ಹಳ್ಳಿಗಳನ್ನು ಆಳುತ್ತಿತ್ತು. ಹೊಳೆಯಾಚೆಯ ಸುರಪುರ 1858ರ ದಂಗೆಯಲ್ಲಿ ಆಳ್ವಿಕೆ ಕಳೆದುಕೊಂಡು ಇತಿಹಾಸದ ಪುಟ ಸೇರಿತು. ಸದ್ದಿಲ್ಲದೆ ಉಳಿದ ಗುರುಗುಂಟಾ ಪುಟಕ್ಕೆ ಬರಲೇ ಇಲ್ಲ. ಆಮೇಲೆ ನಿಜಾಮರ ಆಳ್ವಿಕೆ ಮುಗಿಸಿದ 1948ರ ಪೊಲೀಸ್ ಕಾರ್ಯಾಚರಣೆ, ಮರುವರ್ಷ ಜಾಗೀರು ರದ್ದತಿ, 1956ರ ಏಕೀಕರಣ. ಎಂಟೇ ವರ್ಷಗಳಲ್ಲಿ ಇಲ್ಲಿನ ರೈತ ಮೂರು ಸರ್ಕಾರಗಳನ್ನು ಕಂಡ.

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನಾಡನ್ನು ಶಾಸನಗಳು ‘ಎಡೆದೊರೆ’ ಎನ್ನುತ್ತವೆ. ಎರಡು ಹೊಳೆಗಳ ನಡುವಿದ್ದರೂ ಹೊಲ ನಂಬಿದ್ದು ಮಳೆಯನ್ನೇ. ಮಸಾರಿ ನೆಲಕ್ಕೆ ಮುಂಗಾರಿನ ಸಜ್ಜೆ, ಎರೆಗೆ ಹಿಂಗಾರಿನ ಬಿಳಿಜೋಳ. ಮಳೆ ಬಿದ್ದ ಎರೆಹೊಲಕ್ಕೆ ಕಾಲಿಟ್ಟರೆ ಮಣ್ಣು ಚಪ್ಪಲಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಹಾಗೆಯೇ ಹಿಡಿದಿಟ್ಟ ತೇವದ ಮೇಲೆ, ಮತ್ತೆ ಮಳೆ ಬರದಿದ್ದರೂ, ಜೋಳ ತೆನೆ ತುಂಬುತ್ತದೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ತಾಲ್ಲೂಕಿನ ಕೆಲವು ಹೊಲಗಳ ಬಣ್ಣ ಬದಲಾಗಿದೆ.

ಜೋಳದ ರಾಶಿ ಮುಗಿಯುವ ಹೊತ್ತಿಗೆ ದೇವರಭೂಪುರದಲ್ಲಿ ಅಮರೇಶ್ವರನ ಜಾತ್ರೆ. ದೇವರು ಪಕ್ಕದೂರಿನವನಾದರೂ ಜನ ಕರೆಯುವುದು ‘ಗುರುಗುಂಟಾ ಅಮರೇಶ್ವರ’ ಎಂದೇ. ಸಂಸ್ಥಾನ ಅಳಿದರೂ ದೇವರ ಹೆಸರಿಗೆ ಅಂಟಿದ ಊರು ಬಿಟ್ಟುಹೋಗಿಲ್ಲ.

ಅಕ್ಕಪಕ್ಕದ ಊರುಗಳಿಗೆಲ್ಲ ಹೇಳಿಕೊಳ್ಳಲು ಒಂದೊಂದು ವಸ್ತುವಿದೆ: ಹಟ್ಟಿಗೆ ಚಿನ್ನದ ಗಣಿ, ಮುದಗಲ್ಲಿಗೆ ಕೋಟೆ, ಮಸ್ಕಿಗೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನ. ಗುರುಗುಂಟಾದ ಇತಿಹಾಸ ಇರುವುದು ಮನೆಗಳ ಪೆಟ್ಟಿಗೆಯಲ್ಲಿ: ಸನದು, ಪಟ್ಟೆ, ಉರ್ದು ಲಿಪಿಯ ಕಂದಾಯ ಕಾಗದಗಳಲ್ಲಿ. ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತ ತಲೆಮಾರಿನ ಹಿರಿಯರು ಈಗ ವಿರಳ. ನಿಮ್ಮ ಮನೆಯಲ್ಲಿ ಅಂಥ ಕಾಗದವಿದ್ದರೆ, ಓದಬಲ್ಲವರು ಇರುವಾಗಲೇ ಓದಿಸಿ, ಬರೆದಿಡಿ.