ಬೋರ್‌ವೆಲ್ ಕೇಬಲ್ ಜಾಯಿಂಟಿಗೆ ಟೇಪ್ ಸಾಲದು
ಕಳೆದ ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಮೋಟರ್ ಆನ್ ಮಾಡಿದ ಕೂಡಲೇ ಟ್ರಿಪ್ ಆಗತೊಡಗಿತು. ಸುಟ್ಟೇ ಹೋಯ್ತು ಅಂತ ಪೈಪ್ ಎತ್ತಿಸಿದರೆ, ಮೋಟರ್ ಚೆನ್ನಾಗಿಯೇ ಇತ್ತು. ಟೇಪ್ ಸುತ್ತಿದ್ದ ಕೇಬಲ್ ಜಾಯಿಂಟಿನೊಳಗೆ ನೀರು ಇಳಿದಿತ್ತು. ಎತ್ತಿ ಇಳಿಸಿದ ಕೂಲಿ ದಂಡ, ತರಕಾರಿ ಮಡಿಯೂ ಬಾಡಿತು.

ಈಗ ಹೀಟ್ ಶ್ರಿಂಕ್ ಟ್ಯೂಬ್ ಹಾಕುತ್ತೇನೆ. ಬಿಸಿ ತಾಗಿದರೆ ಕುಗ್ಗಿ ತಂತಿಯನ್ನು ಬಿಗಿಯಾಗಿ ಅಪ್ಪುವ ಪ್ಲಾಸ್ಟಿಕ್ ಕೊಳವೆ ಇದು. ಅಂಗಡಿಯವರು ಮೊದಲು ತೋರಿಸುವ 2:1 ತೆಳು ಟ್ಯೂಬ್ ಸ್ಟಾರ್ಟರ್ ಪೆಟ್ಟಿಗೆಗೆ ಸಾಕು, ನೀರೊಳಗೆ ಆಗದು. ಒಳಗಡೆ ಅಂಟು ಇರುವ 3:1 ಟ್ಯೂಬನ್ನೇ ಕೇಳಿ. ಬಿಸಿಗೆ ಆ ಅಂಟು ಕರಗಿ ಸಂದು ತುಂಬುತ್ತದೆ.

ಫ್ಯೂಸ್ ತೆಗೆದೇ ಕೈ ಹಾಕಿ. ತಂತಿ ಸೇರಿಸುವ ಮೊದಲೇ ಟ್ಯೂಬ್ ತೂರಿಸಿಡಿ (ಎರಡು ಸಲ ಮರೆತು, ಮಾಡಿದ ಜಾಯಿಂಟ್ ಬಿಚ್ಚಿದವನು ನಾನು!). ಮೂರೂ ಎಳೆಗಳ ಜಾಯಿಂಟ್ ಒಂದೇ ಕಡೆ ಬರದಂತೆ ಹಿಂದೆ ಮುಂದೆ ಮಾಡಿ. ಎಳೆಗಳ ಹೊದಿಕೆಯನ್ನು ಮರಳು ಕಾಗದದಲ್ಲಿ ಉಜ್ಜಿ, ಜಿಡ್ಡು ಒರೆಸಿ. ಎಳೆಗೊಂದು ಟ್ಯೂಬ್, ಮೇಲೆ ಎಲ್ಲಕ್ಕೂ ಸೇರಿ ಒಂದು ದಪ್ಪ ಟ್ಯೂಬ್. ಹಾಟ್ ಏರ್ ಗನ್ನನ್ನು ನಡುವಿನಿಂದ ತುದಿಗಳ ಕಡೆಗೆ ಸುತ್ತಲೂ ಆಡಿಸಿ. ಬೀಡಿ ಲೈಟರ್‌ನಲ್ಲಿ ಒಂದು ಬದಿ ಸುಟ್ಟು ಇನ್ನೊಂದು ಬದಿ ಸಡಿಲ ಉಳಿಯುತ್ತೆ. ಎರಡೂ ತುದಿಯಲ್ಲಿ ಅಂಟು ಸುತ್ತಲೂ ಇಣುಕಿದರೆ ಸರಿ. ತಣ್ಣಗಾಗುವವರೆಗೆ ಬಗ್ಗಿಸಬೇಡಿ.

ಇಳಿಸುವ ಮುನ್ನ ಜಾಯಿಂಟನ್ನು ಬಕೆಟ್ ನೀರಲ್ಲಿ ಮುಳುಗಿಸಿಟ್ಟು, ಎಲೆಕ್ಟ್ರಿಷಿಯನ್ ಹತ್ತಿರ ಮೆಗ್ಗರ್ ಹಿಡಿಸಿ ನೋಡಿ.