ಹೆತ್ತ ಮಡಿಲಿನ ನೆನಪು: ದತ್ತು ಮಗುವಿನ ಮನೆಯಲ್ಲಿ ಉಡುಗೊರೆಯ ಸ್ಥಾನ

ವಡೋದರಾ ನಗರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮೂರನೆಯ ಸಯಾಜಿರಾವ್ ಗಾಯಕವಾಡರ ಹೆಸರು ಅಪರಿಚಿತವಲ್ಲ. ವಿಶ್ವವಿದ್ಯಾಲಯ, ಉದ್ಯಾನ, ಸರಕಾರಿ ಆಸ್ಪತ್ರೆ ಇವೆಲ್ಲವೂ ಆ ಹೆಸರನ್ನು ಹೊತ್ತು ನಿಂತಿವೆ. ಆದರೆ ಆ ಮಹಾರಾಜರು ದತ್ತುಪುತ್ರರೆಂಬುದನ್ನು ನೆನೆಯುವವರು ವಿರಳ. 1863ರ ಮಾರ್ಚ್ 11ರಂದು ನಾಸಿಕ ಜಿಲ್ಲೆಯ ಕವಳಾಣೆಯೆಂಬ ಹಳ್ಳಿಯಲ್ಲಿ ಕಾಶೀರಾವ್ ಗಾಯಕವಾಡರ ಮಗನಾಗಿ ಜನಿಸಿದ ಆ ಬಾಲಕನ ಮೊದಲ ಹೆಸರು ಗೋಪಾಲರಾವ್. 1875ರಲ್ಲಿ ಮಲ್ಹಾರರಾವ್ ಪದಚ್ಯುತರಾದ ಬಳಿಕ, ಖಂಡೇರಾವ್ ಮಹಾರಾಜರ ವಿಧವೆ ಜಮನಾಬಾಯಿಯವರು ಅದೇ ವರ್ಷದ ಮೇ 27ರಂದು ಅವನನ್ನು ದತ್ತು ಸ್ವೀಕರಿಸಿದರು. ಹೆಸರು ಬದಲಾಯಿತು, ಮನೆ ಬದಲಾಯಿತು. ಹೆತ್ತವರ ಮನೆಯನ್ನು ಮಾತ್ರ ಯಾರೂ ಮುಚ್ಚಿಡಲಿಲ್ಲ. ಒಡಹುಟ್ಟಿದ ತಮ್ಮ ಸಂಪತ್‌ರಾವ್ ಗಾಯಕವಾಡರು ಬರೋಡಾದಲ್ಲಿಯೇ ಬಾಳಿದರು. ತಾವು ಕೂಡಿಸಿದ ಗ್ರಂಥಸಂಗ್ರಹವನ್ನು ಈ ನಗರದ ಸೆಂಟ್ರಲ್ ಲೈಬ್ರರಿಗೆ ಒಪ್ಪಿಸಿದರು. ಮೈಸೂರಿನ ಅರಮನೆಯ ಕಥೆಯೂ ಇದಕ್ಕೆ ಭಿನ್ನವಲ್ಲ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ಪಡೆದಾಗಲೂ, 2015ರಲ್ಲಿ ಪ್ರಮೋದಾದೇವಿಯವರು ಯದುವೀರರನ್ನು ಪಡೆದಾಗಲೂ ಜನ್ಮಕುಲ ಯಾವುದೆಂಬುದು ನಾಡಿಗೆಲ್ಲ ತಿಳಿದ ಸಂಗತಿಯೇ ಆಗಿತ್ತು.

ಅರಮನೆಯಲ್ಲಿ ಬೆಳಕಿನಲ್ಲಿ ನಡೆದದ್ದು ಮಧ್ಯಮ ವರ್ಗದ ಮನೆಗಳಲ್ಲಿ ಏಕೋ ಕತ್ತಲಿಗೆ ಸರಿಯಿತು. ದತ್ತು ತಂದ ಮಗುವಿಗೆ ಅದರ ಹುಟ್ಟಿನ ವಿಷಯವನ್ನು ತಿಳಿಸಬಾರದು, ಹೆತ್ತವಳು ಮತ್ತೆ ಆ ಮನೆಯ ಹೊಸ್ತಿಲು ತುಳಿಯಬಾರದು ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ಇದಕ್ಕೆ ವ್ಯತಿರಿಕ್ತವಾಗಿ, ಹೆತ್ತವರೂ ಸಾಕುವವರೂ ಪರಸ್ಪರ ಅರಿತು, ಪತ್ರ, ಭಾವಚಿತ್ರ, ಭೇಟಿಗಳ ಮೂಲಕ ಸಂಪರ್ಕವಿರಿಸಿಕೊಳ್ಳುವ ಪದ್ಧತಿಗೆ ಪಾಶ್ಚಾತ್ಯ ದೇಶಗಳಲ್ಲಿ ‘ತೆರೆದ ದತ್ತು’ ಎಂದು ಹೆಸರು. ಅಲ್ಲಿ ಮಗುವನ್ನು ಕೊಟ್ಟ ತಾಯಿಗೆ ವರ್ಷಕ್ಕೊಮ್ಮೆ ಉಡುಗೊರೆ ಕಳುಹಿಸುವುದು, ಅವಳು ಕೊಟ್ಟ ವಸ್ತುವನ್ನು ಮಗುವಿಗಾಗಿ ಕಾದಿರಿಸುವುದು ವಾಡಿಕೆಯಾಗಿದೆ.

ಇದನ್ನು ಪರದೇಶದ ನೂತನ ಕಲ್ಪನೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ಪ್ರಾಚೀನ ಧರ್ಮಶಾಸ್ತ್ರದಲ್ಲಿ ‘ದ್ವ್ಯಾಮುಷ್ಯಾಯಣ’ ಎಂಬ ದತ್ತಕ ಪ್ರಕಾರವೊಂದಿತ್ತು. ಈ ಬಗೆಯ ಪುತ್ರನು ಜನಕ ಹಾಗೂ ಪಾಲಕ ಪಿತೃಗಳಿಬ್ಬರಿಗೂ ಮಗನೆನಿಸಿ, ಎರಡು ಮನೆಗಳಲ್ಲಿಯೂ ಹಕ್ಕು ಮತ್ತು ಕರ್ತವ್ಯಗಳನ್ನು ಹೊಂದಿರುತ್ತಿದ್ದನು. ಮುಂಬಯಿ ಪ್ರಾಂತದ ನ್ಯಾಯಾಲಯಗಳು ಇದನ್ನು ಮಾನ್ಯ ಮಾಡಿದ್ದವು; ಧಾರವಾಡ, ಬಿಜಾಪುರ, ಬೆಳಗಾವಿಗಳು ಆಗ ಆ ಪ್ರಾಂತಕ್ಕೇ ಸೇರಿದ್ದವು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು ಜಾರಿಗೆ ಬಂದ ಮೇಲೆ ಆ ಇಬ್ಬಗೆಯ ಪುತ್ರತ್ವ ಉಳಿಯಲಿಲ್ಲ. ದತ್ತುವಾದ ದಿನದಿಂದ ಮಗು ಹೊಸ ಮನೆಯ ಮಗುವೇ ಸರಿ. ಜನ್ಮಕುಟುಂಬದೊಡನೆ ಕಾನೂನಿನ ಸಂಬಂಧ ಕಡಿಯುತ್ತದೆ. ಆದರೆ ಹೆತ್ತವಳಿಗೆ ಪತ್ರ ಬರೆಯಬಾರದೆಂದಾಗಲಿ, ಅವಳ ಚಿತ್ರವನ್ನು ಗೋಡೆಗೆ ತೂಗುಹಾಕಬಾರದೆಂದಾಗಲಿ ಆ ಅಧಿನಿಯಮ ಎಲ್ಲಿಯೂ ಹೇಳುವುದಿಲ್ಲ.

ಬಂಧುಗಳೊಳಗಿನ ದತ್ತು

ಹೊರನಾಡ ಕನ್ನಡಿಗರಲ್ಲಿ ತೆರೆದ ದತ್ತುವಿಗೆ ಅತಿ ಸಮೀಪವಾದದ್ದು ಬಂಧುಗಳೊಳಗೆ ನಡೆಯುವ ದತ್ತು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಮಂಜಲ್‌ಪುರದಲ್ಲಿ ಮನೆ ಮಾಡಿಕೊಂಡು ಮಕರಪುರಾದ ಕಾರ್ಖಾನೆಯೊಂದರಲ್ಲಿ ದುಡಿಯುವ ಗೃಹಸ್ಥನೊಬ್ಬನಿಗೆ ಮಕ್ಕಳಿಲ್ಲ. ವಿಜಯಪುರ ಜಿಲ್ಲೆಯಲ್ಲಿರುವ ತಂಗಿ ತನ್ನ ಕಿರಿಯ ಗಂಡುಮಗುವನ್ನು ಅಣ್ಣನ ಮಡಿಲಿಗೆ ಹಾಕುತ್ತಾಳೆ. ಸಾವಿರ ಕಿಲೋಮೀಟರಿನಷ್ಟು ದೂರ, ಬೇರೆ ಭಾಷೆಯ ನಗರ. ಇಲ್ಲಿ ನೆರೆಹೊರೆಯವರಿಗೆ ಏನೂ ತಿಳಿಯದು. ‘ಅತ್ತೆ’ ಎಂದು ಮಗು ಕರೆಯುವವಳೇ ತನ್ನನ್ನು ಹೆತ್ತವಳೆಂಬುದನ್ನು ಮರೆಮಾಚುವುದು ಎಷ್ಟು ಸುಲಭವೋ, ಅಷ್ಟೇ ಅಪಾಯಕರ.

ಅಪಾಯವೆಂಬ ಮಾತು ಇಲ್ಲಿ ಅತಿಶಯೋಕ್ತಿಯಲ್ಲ. ನಮ್ಮ ಅನೇಕ ಜನವರ್ಗಗಳಲ್ಲಿ ಸೋದರತ್ತೆಯ ಮಗಳನ್ನು ತರುವುದು ರೂಢಿಯ ಸಂಬಂಧ. ಮೇಲಿನ ಉದಾಹರಣೆಯಲ್ಲಿ ಆ ಹುಡುಗನಿಗೆ ಸೋದರತ್ತೆಯ ಮಗಳೆಂದು ತೋರುವವಳು ವಾಸ್ತವದಲ್ಲಿ ಒಡಹುಟ್ಟಿದ ಅಕ್ಕ ಅಥವಾ ತಂಗಿ! ಹಿರಿಯರು ಜೀವಿಸಿರುವತನಕ ಯಾರಾದರೂ ತಡೆದಾರು. ಗುಟ್ಟು ಬಲ್ಲ ಇಬ್ಬರು ತೀರಿಕೊಂಡರೆ ತಡೆಯುವವರಾರು? ಈ ಕಾರಣದಿಂದಲೇ 1956ರ ಅಧಿನಿಯಮವು, ಜನ್ಮಕುಟುಂಬದಲ್ಲಿ ಉಳಿದಿದ್ದರೆ ಯಾರನ್ನು ವಿವಾಹವಾಗುವಂತಿರಲಿಲ್ಲವೋ ಅವರನ್ನು ದತ್ತುವಾದ ಮೇಲೆಯೂ ವಿವಾಹವಾಗಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ತನ್ನ ಹುಟ್ಟನ್ನೇ ಅರಿಯದವನು ಈ ವಿಧಿಯನ್ನು ಪಾಲಿಸುವ ಬಗೆ ಹೇಗೆ?

ಉಡುಗೊರೆ ಮತ್ತು ಬೆಲೆ

ಹೆತ್ತವರನ್ನು ಗೌರವಿಸಬೇಕೆಂದೊಡನೆ ನಮ್ಮವರ ಕೈ ಬಂಗಾರದ ಕಡೆಗೆ ಚಾಚುತ್ತದೆ. ಇಲ್ಲಿ ಎಚ್ಚರ ಅಗತ್ಯ. ದತ್ತುವಿಗೆ ಪ್ರತಿಯಾಗಿ ಹಣವನ್ನಾಗಲಿ ಬಹುಮಾನವನ್ನಾಗಲಿ ಕೊಡುವುದೂ ಪಡೆಯುವುದೂ ಅದೇ ಅಧಿನಿಯಮದ 17ನೆಯ ಕಲಮಿನಂತೆ ಅಪರಾಧ. ಆರು ತಿಂಗಳವರೆಗಿನ ಕಾರಾಗೃಹವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಕಾನೂನಿನ ಮಾತು ಹಾಗಿರಲಿ. ಮಗುವನ್ನು ಒಪ್ಪಿಸಿದ ದಿನ ಕೈಗೆ ಬಂದ ನಾಲ್ಕು ಬಳೆಗಳನ್ನು ಆ ತಾಯಿ ಜೀವಮಾನವಿಡೀ ಯಾವ ಮನಸ್ಸಿನಿಂದ ತೊಟ್ಟಾಳು? ಮಗು ಬೆಳೆದು ದೊಡ್ಡವನಾದ ಮೇಲೆ ಅದನ್ನು ಕೇಳಿದರೆ ಏನೆಂದು ತಿಳಿದಾನು? ಬೆಲೆಯುಳ್ಳ ವಸ್ತುವಿಗಿಂತ ಕೈಯಿಂದ ಆದ ವಸ್ತು, ಬಳಸಿ ಹಳತಾದ ವಸ್ತು ಇಂಥಲ್ಲಿ ಲೇಸು.

ಉತ್ತರ ಕರ್ನಾಟಕದ ಕೌದಿಯನ್ನು ಈ ದೃಷ್ಟಿಯಿಂದ ನೋಡಬೇಕು. ಹೆತ್ತವಳ ಹಳೆಯ ಇಳಕಲ್ ಸೀರೆ, ಅಜ್ಜಿಯ ಖಣದ ಕುಪ್ಪಸ, ಅಜ್ಜನ ಧೋತರ ಇವುಗಳ ತುಂಡುಗಳನ್ನು ಒಂದರ ಮೇಲೊಂದಿಟ್ಟು ಸಾಲುಸಾಲಾಗಿ ಹೊಲಿದ ಕೌದಿಯನ್ನು ಹೊದ್ದು ಮಲಗುವ ಮಗುವಿಗೆ ಎರಡು ಮನೆಗಳ ಬೆಚ್ಚನೆಯೂ ಒಟ್ಟಿಗೆ ದೊರೆಯುತ್ತದೆ. ಸಾಕಿದ ತಾಯಿಯೂ ತನ್ನದೊಂದು ಬಾಂಧಣಿಯ ತುಂಡನ್ನು ಅದಕ್ಕೆ ಸೇರಿಸಬಹುದು. ಹೊಲಿಯುವಾಗ ಯಾವ ತುಂಡು ಯಾರದೆಂದು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇಪ್ಪತ್ತು ವರ್ಷಗಳ ನಂತರ ಯಾರಿಗೂ ನೆನಪಿರುವುದಿಲ್ಲ.

ವಡೋದರಾಕ್ಕೆ ಸಮೀಪದ ಸಂಖೇಡಾ ಊರಿನ ಅರಗಿನ ಬಣ್ಣದ ಮರಗೆಲಸ ಪ್ರಸಿದ್ಧವಾದದ್ದು. ಅಲ್ಲಿಯ ತೊಟ್ಟಿಲು, ಉಯ್ಯಾಲೆಗಳನ್ನು ಕಂಡ ಕನ್ನಡಿಗನಿಗೆ ಚನ್ನಪಟ್ಟಣದ ಗೊಂಬೆಗಳು ನೆನಪಾಗದಿರವು. ಎರಡೂ ಕಡೆ ಕಡೆದ ಮರಕ್ಕೆ ಅರಗಿನ ಬಣ್ಣ ಹಚ್ಚುವ ಕಲೆಯೇ. ನಾಮಕರಣಕ್ಕೆ ತೊಟ್ಟಿಲು ಇಲ್ಲಿಯದಾಗಲಿ, ಅದರ ಮೇಲೆ ತೂಗುವ ಗೊಂಬೆ ಹೆತ್ತವರು ಕಳುಹಿಸಿದ್ದಾಗಲಿ. ಗೌರಿಹಬ್ಬದ ಬಾಗಿನವಂತೂ ಈ ಸಂದರ್ಭಕ್ಕೆ ಹೇಳಿ ಮಾಡಿಸಿದಂತಿದೆ. ಅಣ್ಣ ತಂಗಿಗೆ ಹೇಗೂ ಕಳುಹಿಸಲೇಬೇಕಾದ ಬಾಗಿನದಲ್ಲಿ ಮಗುವಿನ ಆ ವರ್ಷದ ಒಂದು ಭಾವಚಿತ್ರ, ಅದು ಬಿಡಿಸಿದ ಒಂದು ಚಿತ್ರ, ಅಂಗೈಯ ಅಚ್ಚು ಇರಿಸಿದರೆ ಯಾರಿಗೂ ಮುಜುಗರವಿಲ್ಲ. ಹಬ್ಬದಂತೆ ಅದೂ ವರ್ಷವರ್ಷ ತಪ್ಪದೆ ನಡೆಯುತ್ತದೆ. ಪ್ರತಿಯಾಗಿ ಹೆತ್ತವಳು ತನ್ನ ಧ್ವನಿಯಲ್ಲಿ ಒಂದು ಜೋಗುಳವನ್ನು ಹಾಡಿ ಕಳುಹಿಸಲಿ. ಈಗಿನ ಮೊಬೈಲ್ ಫೋನಿನಲ್ಲಿ ಅದೇನೂ ಕಷ್ಟದ ಕಾರ್ಯವಲ್ಲ. ಗುಜರಾತಿ ಶಾಲೆಗೆ ಹೋಗುವ ಹುಡುಗನ ಕಿವಿಗೆ ವಿಜಯಪುರದ ಕನ್ನಡ ಬೀಳುವುದು ಅಧಿಕ ಲಾಭ.

ವೈದ್ಯಕೀಯ ದೃಷ್ಟಿಯಿಂದ ಎಲ್ಲಕ್ಕೂ ಮಿಗಿಲಾದ ಉಡುಗೊರೆಯೆಂದರೆ ಒಂದು ಸಾಮಾನ್ಯ ನೋಟುಪುಸ್ತಕ. ಹೆತ್ತ ತಂದೆತಾಯಿಗಳ ಮತ್ತು ಅವರ ಹಿರಿಯರ ಆರೋಗ್ಯದ ವಿವರಗಳನ್ನು ಅದರಲ್ಲಿ ಬರೆಯಬೇಕು: ಸಕ್ಕರೆ ಕಾಯಿಲೆ, ರಕ್ತದ ಒತ್ತಡ, ಹೃದ್ರೋಗ ಯಾರಿಗೆ, ಯಾವ ವಯಸ್ಸಿನಲ್ಲಿ ತೋರಿತು; ಹುಟ್ಟು ಕಿವುಡು, ಅಪಸ್ಮಾರ, ಕ್ಯಾನ್ಸರ್ ಇದ್ದವೇ; ಯಾವ ಔಷಧಿ ಮೈಗೆ ಒಗ್ಗುವುದಿಲ್ಲ; ಹೆರಿಗೆ ಹೇಗಾಯಿತು, ಮಗುವಿನ ತೂಕವೆಷ್ಟು; ರಕ್ತದ ಗುಂಪು ಯಾವುದು. ಥಲಸ್ಸೀಮಿಯಾ ಅಥವಾ ಸಿಕಲ್ ಸೆಲ್ ರೋಗದ ವಾಹಕರು ಮನೆತನದಲ್ಲಿದ್ದರೆ ಅದನ್ನು ಕೆಂಪು ಶಾಯಿಯಲ್ಲಿ ಬರೆದರೂ ತಪ್ಪಿಲ್ಲ. ಮೂವತ್ತೈದನೆಯ ವಯಸ್ಸಿನಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವನಿಗೆ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ತಂದೆಗೆ ಈ ರೋಗವಿತ್ತೇ ಎಂಬುದೂ ಒಂದು. ಸಾಕಿದ ತಂದೆಯ ಆರೋಗ್ಯವನ್ನು ನೆನೆದು ಅವನು ‘ಇಲ್ಲ’ ಎಂದರೆ ಚಿಕಿತ್ಸೆಯೇ ದಾರಿ ತಪ್ಪೀತು.

ಕೊಟ್ಟ ತಾಯಿಯ ಶರೀರ

ಮಗುವನ್ನು ಒಪ್ಪಿಸಿದವಳಿಗೆ ಬಾಣಂತನ ಬೇಡವೆಂಬಂತೆ ನಡೆದುಕೊಳ್ಳುವುದು ಕ್ರೂರವಾದ ಮರೆವು. ಮಗು ಬಳಿಯಿಲ್ಲದಿದ್ದರೂ ಹೆರಿಗೆಯ ಎರಡು ಮೂರು ದಿನಗಳ ಬಳಿಕ ಎದೆಹಾಲು ಇಳಿದೇ ಇಳಿಯುತ್ತದೆ. ಎದೆಯನ್ನು ಬಟ್ಟೆಯಿಂದ ಬಿಗಿದು ಕಟ್ಟುವ ಹಳೆಯ ಕ್ರಮ ಹಿತಕರವಲ್ಲ. ಮೈಗೆ ಸರಿಹೊಂದುವ ಒಳ ಉಡುಪು, ತಣ್ಣೀರಿನ ಪಟ್ಟಿ, ನೋವು ತಗ್ಗುವಷ್ಟು ಮಾತ್ರ ಹಾಲನ್ನು ಹಿಂಡಿ ತೆಗೆಯುವುದು ಸಾಕು. ಎದೆ ಕೆಂಪೇರಿ ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಲೇಬೇಕು. ನಿದ್ರೆ ಬಾರದಿರುವುದು, ಅಳು, ಬದುಕಿನಲ್ಲಿ ಬೇಸರ ಎರಡು ವಾರಗಳಿಗೂ ಮೀರಿದರೆ ಅದನ್ನು ಕೇವಲ ದುಃಖವೆಂದು ತಳ್ಳಿಹಾಕದೆ ಚಿಕಿತ್ಸೆ ಕೊಡಿಸಬೇಕು. ಆಕೆಯ ಪೂರ್ಣ ಬಾಣಂತನದ ಹೊಣೆಯನ್ನು ಮನೆಯ ಹಿರಿಯರು ಹೊರುವುದು ಯಾವ ರೇಷ್ಮೆ ಸೀರೆಗಿಂತಲೂ ಘನವಾದ ಗೌರವ.

ಅಮೆರಿಕದಲ್ಲಿ ಹೆರಾಲ್ಡ್ ಗ್ರೋಟೆವಾಂಟ್ ಮತ್ತು ರೂತ್ ಮೆಕ್‌ರಾಯ್ ಎಂಬ ವಿದ್ವಾಂಸರು 1980ರ ದಶಕದಲ್ಲಿ ಆರಂಭಿಸಿ, 190 ದತ್ತು ಕುಟುಂಬಗಳನ್ನೂ 169 ಮಂದಿ ಹೆತ್ತ ತಾಯಂದಿರನ್ನೂ ದೀರ್ಘಕಾಲ ಅಭ್ಯಸಿಸಿದರು. ಸಂಪರ್ಕವಿದ್ದ ಕಡೆಗಳಲ್ಲಿ ಮಕ್ಕಳು ತಮ್ಮ ತಂದೆತಾಯಿಗಳು ಯಾರೆಂಬ ಗೊಂದಲಕ್ಕೆ ಬೀಳಲಿಲ್ಲ; ಹೆತ್ತ ತಾಯಂದಿರ ಶೋಕವೂ ಕಡಿಮೆಯಾಗಿದ್ದುದು ಕಂಡುಬಂದಿತು. ಮಗು ತನ್ನನ್ನು ಬಿಟ್ಟು ಅವಳ ಕಡೆಗೆ ವಾಲೀತೆಂದು ಅಂಜುವ ಸಾಕುತಾಯಿಗೆ ಇದು ಸಮಾಧಾನ ತರಬೇಕು. ನಮ್ಮ ಕರ್ಣನ ಕಥೆ ಅದನ್ನೇ ಸಾರುವುದಿಲ್ಲವೇ? ಕುಂತಿ ಬಂದು ಗುಟ್ಟು ಹೇಳಿದ ಮೇಲೆಯೂ ಆತ ರಾಧೇಯನಾಗಿಯೇ ಉಳಿದನು. ಅವನನ್ನು ಕೊರೆದದ್ದು ಆ ಗುಟ್ಟು ಹೊರಬಿದ್ದ ಹೊತ್ತು.

ಹೆತ್ತವರು ತಿಳಿಯದಿದ್ದಾಗ

ಸಂಸ್ಥೆಗಳ ಮೂಲಕ ಬರುವ ಮಗುವಿನ ವಿಚಾರ ಬೇರೆ. 2015ರ ಬಾಲನ್ಯಾಯ ಅಧಿನಿಯಮದಂತೆ ಮಗುವನ್ನು ಒಪ್ಪಿಸಿದವರಿಗೆ ಮರುವಿಚಾರಕ್ಕೆ ಎರಡು ತಿಂಗಳ ಅವಕಾಶವಿದೆ. ಅನಂತರ ದತ್ತು ನಡೆದರೆ ಅವರ ಗುರುತು ಗೋಪ್ಯ. ಅಂಥ ತಾಯಿಯನ್ನು ಹುಡುಕಿ ಸೀರೆ ಉಡಿಸುವ ಉತ್ಸಾಹ ಸಲ್ಲದು. ಅವಳ ಮೌನಕ್ಕೂ ಹಕ್ಕಿದೆ. ಇಂಥಲ್ಲಿ ಸ್ಮರಣಿಕೆಯೆಂದರೆ ಮಗುವಿನೊಡನೆ ಬಂದ ವಸ್ತುಗಳೇ.

ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯು 1741ರಲ್ಲಿ ಅನಾಥ ಶಿಶುಗಳನ್ನು ಸ್ವೀಕರಿಸತೊಡಗಿದಾಗ, ಮುಂದೊಂದು ದಿನ ಗುರುತು ಹಿಡಿಯಲೆಂದು ಮಗುವಿನ ಜೊತೆ ಕುರುಹನ್ನು ಇರಿಸಿಕೊಳ್ಳುವ ಪದ್ಧತಿಯಿತ್ತು. ನಾಣ್ಯ, ಗುಂಡಿ, ಉಡುಪಿನಿಂದ ಕತ್ತರಿಸಿದ ಬಟ್ಟೆಯ ಚೂರು. ಮರಳಿ ಬಂದು ಮಗುವನ್ನು ಕರೆದೊಯ್ದ ತಾಯಂದಿರು ಅತ್ಯಲ್ಪ. ಸುಮಾರು 5000 ಬಟ್ಟೆಯ ಚೂರುಗಳು ಆ ಆಸ್ಪತ್ರೆಯ ದಾಖಲೆಪುಸ್ತಕಗಳಲ್ಲಿ ಇಂದಿಗೂ ಉಳಿದಿವೆ. ಆದರೆ ಆ ಮಕ್ಕಳ ಕೈಗೆ ಅವು ಸೇರಲಿಲ್ಲ.

ಆದುದರಿಂದ ಮಗು ಮೊದಲ ದಿನ ತೊಟ್ಟು ಬಂದ ಅಂಗಿ, ಸುತ್ತಿಕೊಂಡು ಬಂದ ಬಟ್ಟೆ ಎಷ್ಟೇ ಹರಿದಿದ್ದರೂ ಎಸೆಯಬಾರದು. ಒಗೆದು, ಚೆನ್ನಾಗಿ ಒಣಗಿಸಿ, ಬೇವಿನ ಎಲೆಯೊಡನೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಬೇಕು. ವಡೋದರಾದ ಮಳೆಗಾಲದ ತೇವ ಪ್ಲಾಸ್ಟಿಕ್ ಚೀಲದೊಳಗೆ ಬೂಷ್ಟು ತರುತ್ತದೆ. ಸಂಸ್ಥೆಯವರು ಕೊಡುವ ಶಿಶು ಅಧ್ಯಯನ ವರದಿ, ವೈದ್ಯಕೀಯ ತಪಾಸಣಾ ವರದಿ, ಭಾವಚಿತ್ರಗಳಿಗೆ ಎರಡೆರಡು ಪ್ರತಿ ಮಾಡಿಸಿ ಬೇರೆ ಬೇರೆ ಕಡೆ ಇರಿಸುವುದು ಯುಕ್ತ. ಮಗು ಆರೇಳು ವರ್ಷದವರೆಗೆ ಈ ಕಥೆಯನ್ನು ಸುಮ್ಮನೆ ಕೇಳುತ್ತದೆ. ಅದರ ಅರ್ಥ ಮನಸ್ಸಿಗೆ ಇಳಿಯುವುದು, ‘ಅವಳೇಕೆ ಕೊಟ್ಟಳು?’ ಎಂದು ಕೇಳುವುದು ಆಮೇಲೆ. ಆ ಪೆಟ್ಟಿಗೆ ಆಗ ಕೈಗೆಟಕುವಲ್ಲಿರಬೇಕು.

ಮುಂದೆ ಹದಿನೆಂಟು ತುಂಬಿದ ಮೇಲೆ ತನ್ನ ಮೂಲವನ್ನು ಅರಿಯಬಯಸಿದರೆ ಮಗು ಸ್ವತಃ ಅರ್ಜಿ ಸಲ್ಲಿಸಬಹುದು. ಅದಕ್ಕೆ ಮುಂಚೆಯಾದರೆ ಸಾಕಿದ ತಂದೆತಾಯಿಗಳು ಜೊತೆಗೂಡಿ ಸಲ್ಲಿಸಬೇಕು. 2022ರ ದತ್ತು ನಿಯಮಾವಳಿಯಲ್ಲಿ ಇದಕ್ಕೆ ಅವಕಾಶವಿದೆ. ಹೆತ್ತವರ ಗೋಪ್ಯತೆಯ ಹಕ್ಕಿಗೆ ಭಂಗ ಬರಕೂಡದೆಂಬ ಕಟ್ಟಳೆಯೂ ಇದೆ, ಮೂರನೆಯವರು ಹುಡುಕಾಟಕ್ಕಿಳಿಯುವಂತಿಲ್ಲ. ಅರ್ಜಿಗೆ ದತ್ತು ಆದೇಶದ ಪ್ರತಿ ಮತ್ತು ಮಗು ಬಂದ ಸಂಸ್ಥೆಯ ಹೆಸರು, ವಿಳಾಸ ಕೈಯಲ್ಲಿದ್ದರೆ ಕಾರ್ಯ ಸುಗಮ. ಅವೂ ಆ ಬಟ್ಟೆಯ ಪೆಟ್ಟಿಗೆಯಲ್ಲಿಯೇ ಇರಲಿ.