ತಿರುವು ಗೊತ್ತಿದ್ದರೂ ಎದೆ ಝಲ್ಲೆನ್ನುವುದೇಕೆ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಮಕ್ಕಳಿಗೆ ರೋಲರ್ ಕೋಸ್ಟರ್ ಎಂದರೇನೆಂದು ಬಹಳ ವಿವರಿಸಬೇಕಾಗಿಲ್ಲ. ಹಳಿ, ಸರಪಳಿ ಇಲ್ಲವೆಂಬುದನ್ನು ಬಿಟ್ಟರೆ ಘಟ್ಟ ಇಳಿಯುವ ಬಸ್ಸೇ ಅವರ ಮೊದಲ ರೋಲರ್ ಕೋಸ್ಟರ್. ಸಾಗರದವರು ಹೊನ್ನಾವರಕ್ಕೆ ಹೋಗಬೇಕೆಂದರೆ ಗೇರುಸೊಪ್ಪೆಯ ಕಡೆ ಘಟ್ಟ ಇಳಿಯಬೇಕು. ಹೊಸನಗರದವರಿಗೆ ಕುಂದಾಪುರದ ದಾರಿಯಲ್ಲಿ ಹುಲಿಕಲ್ ಘಟ್ಟ. ತೀರ್ಥಹಳ್ಳಿಯವರಿಗೆ ಉಡುಪಿಯ ದಾರಿಯಲ್ಲಿ ಆಗುಂಬೆ ಘಟ್ಟ. ಆಗುಂಬೆಯಿಂದ ಸೋಮೇಶ್ವರದವರೆಗೆ 14 ಹೇರ್‌ಪಿನ್ ತಿರುವುಗಳು.

ಈ ಬಸ್ಸುಗಳ ಒಳಗೆ ಒಮ್ಮೆ ಕಣ್ಣಾಡಿಸಿ. ಮೊದಲ ಸಲ ಬಂದವರು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದು ಕುಳಿತಿರುತ್ತಾರೆ. ಹಿಂದಿನ ಸೀಟಿನಲ್ಲಿ ಒಬ್ಬರು ಲಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿದ್ದಾರೆ. ವಾರಕ್ಕೆರಡು ಸಲ ಓಡಾಡುವ ವ್ಯಾಪಾರಿ ಗೊರಕೆ ಹೊಡೆಯುತ್ತಿದ್ದಾರೆ. ಚಾಲಕರಂತೂ ಕಂಡಕ್ಟರರೊಂದಿಗೆ ಮಾತಾಡುತ್ತಲೇ ಚಕ್ರ ತಿರುಗಿಸುತ್ತಾರೆ. ರಸ್ತೆ ಒಂದೇ, ತಿರುವುಗಳೂ ಅವೇ. ಆದರೆ ಮುಂದೇನು ಬರುತ್ತದೆಂಬುದು ಒಬ್ಬೊಬ್ಬರಿಗೆ ಒಂದೊಂದು ಮಟ್ಟಿಗೆ ಗೊತ್ತು.

ಇದೇ ವಿಷಯ ಶಾಲಾ ಪ್ರವಾಸದಲ್ಲಿ ಜಗಳಕ್ಕೂ ಕಾರಣವಾಗುತ್ತದೆ. ಬೆಂಗಳೂರಿಗೆ ಹೋದ ಪ್ರವಾಸದ ಬಸ್ಸು ಬಿಡದಿ ಬಳಿಯ ವಂಡರ್‌ಲಾದ ಮುಂದೆ ನಿಂತಿತೆನ್ನಿ. 2005ರಲ್ಲಿ ಆರಂಭವಾದ ಈ ಉದ್ಯಾನದಲ್ಲಿ 'ರಿಕಾಯ್ಲ್' ಎಂಬ ರೋಲರ್ ಕೋಸ್ಟರ್ ಇದೆ. ಹಿಂದೆ ಬಂದು ಹೋದ ಹುಡುಗ ಸಾಲಿನಲ್ಲಿ ನಿಂತೇ ಶುರುಮಾಡುತ್ತಾನೆ: "ಮೊದ್ಲು ಹಿಂದಕ್ಕೆ ಎಳ್ಕೊಂಡು ಹೋಗ್ತದೆ ಮಾರಾಯ, ಆಮೇಲೆ..." ಪಕ್ಕದವನು ಕಿವಿ ಮುಚ್ಚಿಕೊಳ್ಳುತ್ತಾನೆ: "ಹೇಳ್ಬೇಡ ಕಣೋ, ಮಜಾ ಹೋಗ್ತದೆ!" ಮೂರನೆಯವನ ಮುಖ ಬಿಳಿಚಿಕೊಂಡಿದೆ. "ಎಲ್ಲಾ ಹೇಳು. ಇಲ್ದಿದ್ರೆ ನಾ ಹತ್ತೋದಿಲ್ಲ" ಎನ್ನುತ್ತಾನೆ ಅವನು.

ಇವರಲ್ಲಿ ಯಾರು ಸರಿ?

ಕಿವಿಗೆ ನಕ್ಷೆ ತಿಳಿಯದು

ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವರ್ತುಲ ನಾಳಗಳಿವೆ. ತಲೆ ಯಾವ ಕಡೆಗೆ ತಿರುಗಿತೆಂಬುದನ್ನು ಅವು ಮೆದುಳಿಗೆ ತಿಳಿಸುತ್ತವೆ. ಮೇಲೆ-ಕೆಳಗೆ, ಹಿಂದೆ-ಮುಂದೆ ಆಗುವ ಚಲನೆಯನ್ನು ಗುರುತಿಸಲು ಅಲ್ಲೇ ಪುಟ್ಟ ಸುಣ್ಣದ ಹರಳುಗಳಿರುವ ಬೇರೆ ಅಂಗಗಳಿವೆ. ಇವು ನಕ್ಷೆ ಓದುವುದಿಲ್ಲ. "ಈಗ ಕೆಳಕ್ಕೆ ಬೀಳುತ್ತೇವೆ" ಎಂದು ನಿಮಗೆ ಮೊದಲೇ ಗೊತ್ತಿದ್ದರೂ ಬೋಗಿ ಬಿದ್ದೊಡನೆ ಅವು ಸುದ್ದಿ ಮುಟ್ಟಿಸಿಯೇ ತೀರುತ್ತವೆ. ಹೊಟ್ಟೆಯೊಳಗಿನ ಅಂಗಗಳು ಒಂದು ಕ್ಷಣ ಭಾರವಿಲ್ಲದಂತಾಗಿ ಮೇಲೆದ್ದ ಹಾಗೆ ಅನಿಸುವುದಕ್ಕೂ ತಿಳಿವಳಿಕೆಗೂ ಸಂಬಂಧವಿಲ್ಲ. ಅದು ಗುರುತ್ವಾಕರ್ಷಣೆಯ ಕೆಲಸ. ಆದ್ದರಿಂದಲೇ ಹತ್ತು ಸಲ ಕುಳಿತವರಿಗೂ ಇಳಿಜಾರಿನಲ್ಲಿ ಹೊಟ್ಟೆ ಝುಮ್ಮೆನ್ನುತ್ತದೆ.

ಆದರೆ ತಿಳಿವಳಿಕೆ ಒಂದನ್ನು ಖಂಡಿತ ಬದಲಿಸುತ್ತದೆ. ಅದು ವಾಕರಿಕೆ. ವಾಹನ ಓಡಿಸುವವರಿಗೆ ವಾಂತಿ ಬರುವುದು ಅಪರೂಪ ಏಕೆಂದು ಇಸ್ರೇಲಿನ ರೋಲ್ನಿಕ್ ಮತ್ತು ಲುಬೋ 1991ರಲ್ಲಿ ಪರೀಕ್ಷಿಸಿದರು. ಇಬ್ಬಿಬ್ಬರನ್ನು ಜೊತೆಯಾಗಿ ಒಂದೇ ರೀತಿ ತಿರುಗಿಸಿ, ನಿಯಂತ್ರಣವನ್ನು ಒಬ್ಬರ ಕೈಗೆ ಮಾತ್ರ ಕೊಟ್ಟರು. ಸುಮ್ಮನೆ ಕುಳಿತವರಿಗೇ ತೊಂದರೆ ಹೆಚ್ಚಾಯಿತು. ನಿಯಂತ್ರಣವಿಲ್ಲದೆ, ಬರೀ ಮುಂದಾಗಿ ಊಹಿಸಲು ಬಂದರೂ ಸಾಕೇ? 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಜನರನ್ನು ಹಳಿಯ ಮೇಲಿನ ಗಾಡಿಯಲ್ಲಿ ಕೂರಿಸಿ ಹಿಂದೆ-ಮುಂದೆ ಸರಿಸಲಾಯಿತು. ಚಲನೆ ಯಾವಾಗ, ಯಾವ ಕಡೆಗೆ ಎಂದು ಊಹಿಸಲು ಬಂದಾಗ ವಾಕರಿಕೆ ಕಡಿಮೆ. ಊಹೆಗೆ ಸಿಗದಿದ್ದಾಗ ಹೆಚ್ಚು. ಆಗುಂಬೆಯ ಚಾಲಕರು ಆರಾಮವಾಗಿರುವುದರ ಗುಟ್ಟೂ ಇದೇ. ಅವರ ಕೈಯಲ್ಲಿ ಚಕ್ರವೂ ಇದೆ, ಮನಸ್ಸಿನಲ್ಲಿ ಮುಂದಿನ ತಿರುವೂ ಇದೆ.

ಕಟಕಟ ಸದ್ದಿನ ಸುಖ

ರೋಲರ್ ಕೋಸ್ಟರ್‌ಗೆ ಶತಮಾನ ಮೀರಿದ ಇತಿಹಾಸವಿದೆ. ಅಮೆರಿಕದ ಕೋನಿ ಐಲ್ಯಾಂಡಿನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಮ್ಸನ್ ಹಳಿಗಾಡಿಯೊಂದನ್ನು ಓಡಿಸಿದಾಗ ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರ್. ಇಂದಿನ ಸೈಕಲ್ ಸವಾರ ಅದನ್ನು ಹಿಂದೆ ಹಾಕಬಲ್ಲ. ಗಾಡಿ ಹೋಗುವ ದಾರಿಯೂ ನೋಡುವವರಿಗೆಲ್ಲ ಕಾಣುತ್ತಿತ್ತು. ಆದರೂ ಜನ ಮುಗಿಬಿದ್ದರು.

ಮಾಮೂಲಿ ರೋಲರ್ ಕೋಸ್ಟರ್‌ನ ಬೋಗಿಗೆ ಎಂಜಿನ್ ಇರುವುದಿಲ್ಲ. ಸರಪಳಿ ಅದನ್ನು ಮೊದಲ ದಿಣ್ಣೆಯ ನೆತ್ತಿಗೆ ಎಳೆದೊಯ್ದು ಬಿಡುತ್ತದೆ. ಮುಂದಿನದೆಲ್ಲ ಆ ಎತ್ತರ ಕೊಟ್ಟ ಶಕ್ತಿಯಿಂದ. ಹತ್ತುವಾಗ ಕೇಳುವ ಕಟಕಟ ಸದ್ದು, ಬೋಗಿ ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಬೀಳುವ ಸದ್ದು. ವಾಸ್ತವವಾಗಿ ಅದು ರಕ್ಷಣೆಯ ಸದ್ದು. ಆದರೂ ಕುಳಿತವರ ಎದೆ ಬಡಿತ ಏರುವುದು ಅದನ್ನು ಕೇಳಿಯೇ.

ಇದಕ್ಕೊಂದು ವಿವರಣೆ ಮೆದುಳಿನಲ್ಲೇ ಸಿಗುತ್ತದೆ. ವೋಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಡುತ್ತ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳನ್ನು ಗಮನಿಸಿದರು. ರಸ ಅನಿರೀಕ್ಷಿತವಾಗಿ ಸಿಕ್ಕಾಗ ಕೋಶಗಳು ಚುರುಕಾದವು. ರಸ ಬರುವ ಮುನ್ನ ಒಂದು ಸೂಚನೆ ಬರುತ್ತದೆಂದು ಕೋತಿ ಕಲಿತ ಮೇಲೆ, ಆ ಚುರುಕು ರಸದಿಂದ ಸೂಚನೆಗೆ ಸರಿಯಿತು. ಕೋತಿಯ ರಸಕ್ಕೂ ಮನುಷ್ಯನ ರೋಮಾಂಚನಕ್ಕೂ ನೇರ ಗಂಟು ಹಾಕಲಾಗದು. ಆದರೂ ದಾರಿ ಗೊತ್ತಿದ್ದವರ ಅನುಭವ ಇದಕ್ಕೆ ಹತ್ತಿರವೇ ಇದೆ: ಬೆಚ್ಚಿಬೀಳುವುದು ಕಡಿಮೆಯಾಗಿ, ಕಾಯುವುದರ ಸುಖ ಹೆಚ್ಚುತ್ತದೆ.

ಬೆಚ್ಚಿಬೀಳಿಸುವುದೇ ಮುಖ್ಯ ಎನ್ನುವವರೂ ಇದ್ದಾರೆ. ಫ್ಲಾರಿಡಾದ ಡಿಸ್ನಿ ಉದ್ಯಾನದಲ್ಲಿ 1975ರಲ್ಲಿ ಆರಂಭವಾದ 'ಸ್ಪೇಸ್ ಮೌಂಟನ್' ಇಡೀ ದಾರಿಯನ್ನು ಕಟ್ಟಡದೊಳಗಿನ ಕತ್ತಲಲ್ಲಿ ಅಡಗಿಸಿತು. ಬಿಡದಿಯ ರಿಕಾಯ್ಲ್‌ನದು ಇನ್ನೊಂದು ಉಪಾಯ. ಅದು ಮುಂದಕ್ಕೆ ಹೋದ ದಾರಿಯಲ್ಲೇ ಹಿಮ್ಮುಖವಾಗಿ ಮರಳುತ್ತದೆ. ದಾರಿ ಈಗಷ್ಟೇ ನೋಡಿದ್ದು, ಆದರೆ ಕಣ್ಣಿಗೆ ಮುಂದಿನದು ಕಾಣದು. ಗೊತ್ತಿರುವುದೂ ಕಾಣುವುದೂ ಬೇರೆ ಬೇರೆ ಎಂಬುದು ಅಲ್ಲಿ ಅರ್ಥವಾಗುತ್ತದೆ.

ಭಸ್ಮಾಸುರನ ಕೈ

ಗೊತ್ತಿದ್ದೂ ರೋಮಾಂಚನಗೊಳ್ಳುವುದು ಮಲೆನಾಡಿಗೆ ಹೊಸತಲ್ಲ. ಬಯಲಾಟಕ್ಕೆ ಬಂದವರಲ್ಲಿ ಭಸ್ಮಾಸುರನ ಕಥೆ ತಿಳಿಯದವರು ಯಾರು? ಮೋಹಿನಿಯ ಜೊತೆ ಕುಣಿಯುತ್ತ ಕುಣಿಯುತ್ತ ಅವನ ಕೈ ಅವನದೇ ತಲೆಯ ಮೇಲೆ ಬರುತ್ತದೆ ಎಂಬುದು ಮಡಿಲಲ್ಲಿ ಮಲಗಿದ ಮಗುವಿಗೂ ಗೊತ್ತು. ಆದರೂ ಕೈ ಮೇಲೇರುತ್ತಿದ್ದಂತೆ ಸಭೆ ಉಸಿರು ಬಿಗಿಹಿಡಿಯುತ್ತದೆ. 2012ರಲ್ಲಿ ಪದ್ಮಶ್ರೀ ಪಡೆದು 2017ರಲ್ಲಿ ತೀರಿಕೊಂಡ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ಜನ ಮತ್ತೆ ಮತ್ತೆ ನೋಡಿದ್ದು ಕಥೆ ತಿಳಿಯಲಿಕ್ಕಲ್ಲ. ಪ್ರಸಂಗ ಗೊತ್ತು; ಇಂದು ರಾತ್ರಿಯ ಕುಣಿತ, ಮಾತು, ಭಾಗವತರ ಪದ ಹೇಗಿರುತ್ತದೆಂಬುದು ಗೊತ್ತಿಲ್ಲ. ವೇಷ ಬರುವ ಮೊದಲೇ ಚಂಡೆಯ ಪೆಟ್ಟಿಗೆ ಮೈ ನವಿರೇಳುವುದು ಆ ಕಟಕಟ ಸದ್ದಿನಂಥದೇ ಸಂಗತಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಓದುಗರಿಗೆ ಸಣ್ಣಕಥೆಗಳ ಅಂತ್ಯವನ್ನು ಮೊದಲೇ ಹೇಳಿ ನೋಡಿದರು. ಒಟ್ಟಾರೆಯಾಗಿ ಅಂತ್ಯ ತಿಳಿದವರೇ ಕಥೆಯನ್ನು ತುಸು ಹೆಚ್ಚು ಮೆಚ್ಚಿದರು. ಮುಂದೆ ಬೇರೆಯವರು ನಡೆಸಿದ ಪರೀಕ್ಷೆಗಳಲ್ಲಿ ಇದಕ್ಕೆ ವಿರುದ್ಧವಾದ ಫಲವೂ ಬಂದಿದೆ. ಅಂದರೆ ಕಿವಿ ಮುಚ್ಚಿಕೊಂಡ ಹುಡುಗನೂ ತಪ್ಪಲ್ಲ. ಮೊದಲ ಸಲದ ಬೆರಗು ಒಮ್ಮೆ ಮಾತ್ರ ಸಿಗುವಂಥದು. ಅದನ್ನು ಅವನಿಂದ ಕಸಿಯಬಾರದು.

ಅಪ್ಪ ಅಮ್ಮ ಏನು ಹೇಳಬೇಕು?

ಯೋಚಿಸಬೇಕಾದದ್ದು ಆ ಮುಖ ಬಿಳಿಚಿದ ಹುಡುಗನ ಬಗ್ಗೆ. ಅವನಿಗೆ ದೊಡ್ಡವರು ಸಾಮಾನ್ಯವಾಗಿ ಹೇಳುವುದು, "ಏನೂ ಆಗೋದಿಲ್ಲ, ಕಣ್ಣು ಮುಚ್ಕೊಂಡು ಕೂತ್ಕೊ." ಎರಡೂ ಒಳ್ಳೆಯ ಸಲಹೆಯಲ್ಲ. ಏನೂ ಆಗುವುದಿಲ್ಲ ಎಂಬುದು ನಿಜವಲ್ಲ. ಹೊಟ್ಟೆ ಝುಮ್ಮೆನ್ನುತ್ತದೆ, ಕೂಗು ಬರುತ್ತದೆ. ಒಮ್ಮೆ ಹೀಗೆ ಮೋಸಹೋದ ಮಗು ಮುಂದೆ ಚುಚ್ಚುಮದ್ದಿನ ಕೋಣೆಯ ಬಾಗಿಲಲ್ಲೂ ಅಪ್ಪನ ಮಾತು ನಂಬುವುದಿಲ್ಲ. ಕಣ್ಣು ಮುಚ್ಚಿದರೆ ಮುಂದಿನ ತಿರುವು ಕಾಣದೆ ಮೈ ಸಿದ್ಧವಾಗುವುದಿಲ್ಲ.

ಬದಲಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು: ಎಷ್ಟು ಹೊತ್ತು, ಎಲ್ಲಿ ಬೀಳುತ್ತದೆ, ಎಲ್ಲಿ ತಲೆಕೆಳಗಾಗುತ್ತದೆ, ಎಲ್ಲಿ ನಿಲ್ಲುತ್ತದೆ. ಕೆಳಗೆ ನಿಂತು ಎರಡು ಸಲ ನೋಡಿಸಬಹುದು. ಮುಂದಿನ ಸೀಟಿನಲ್ಲಿ ಕುಳಿತವರಿಗೆ ದಾರಿ ಚೆನ್ನಾಗಿ ಕಾಣುತ್ತದೆ. ಕೊನೆಯ ಸೀಟಿನವರನ್ನು ಮುಂದಿನ ಬೋಗಿಗಳು ನೆತ್ತಿಯಿಂದ ಸೆಳೆದೊಯ್ಯುವುದರಿಂದ ಸೀಟಿನಿಂದ ಎದ್ದಂತಾಗುವುದು ಹೆಚ್ಚು. ಹೆದರುವವರಿಗೆ ಎಲ್ಲಿ ಜಾಗ ಹಿಡಿಯಬೇಕೆಂದು ಇದರಿಂದಲೇ ತಿಳಿಯುತ್ತದೆ. ಎತ್ತರದ ಮಿತಿ, ಆರೋಗ್ಯದ ಸೂಚನೆಗಳ ಫಲಕವನ್ನು ಮಾತ್ರ ಯಾವ ಧೈರ್ಯವಂತನೂ ದಾಟಬಾರದು.

ಇಷ್ಟೆಲ್ಲ ತಿಳಿದ ಮೇಲೂ ಹುಡುಗ "ಈ ಸಲ ಬೇಡ" ಎಂದರೆ ಅದನ್ನು ಒಪ್ಪಿಕೊಳ್ಳಬೇಕು. ಗೆಳೆಯರ ಹಾಸ್ಯಕ್ಕೆ ಹೆದರಿ ಹತ್ತಿದವನಿಗೆ ಸಿಗುವುದು ರೋಮಾಂಚನವಲ್ಲ, ಬರೀ ಭಯ. ತಿಳಿದು, ತಾನೇ ಒಪ್ಪಿ ಹತ್ತಿದವನಿಗೆ ಭಯವೇ ಮಜವಾಗುತ್ತದೆ. ಊರಿಗೆ ಬಂದ ಮೇಲೆ ಅಭ್ಯಾಸಕ್ಕೆ ಘಟ್ಟದ ಬಸ್ಸು ಇದ್ದೇ ಇದೆ. ಮುಂದಿನ ಸೀಟು ಹಿಡಿದು, ಮೊಬೈಲು ಒಳಗಿಟ್ಟು, ಕಣ್ಣು ರಸ್ತೆಯ ಮೇಲಿಟ್ಟು ತಿರುವುಗಳನ್ನು ಎಣಿಸುತ್ತ ಬಂದರೆ ಹದಿನಾಲ್ಕನೆಯದರ ಹೊತ್ತಿಗೆ ಲಿಂಬೆಹಣ್ಣು ಚೀಲದಲ್ಲೇ ಉಳಿದೀತು.